ಬೀಗರಿಗೆ ಮೂರು ಚಮಚ

"ಉಸ್ತಾದರೇ, ನನಗೆ ಯಾಕೆ ಒಂದು ದಿನವೂ ಶಭಾಸ್ ಅನ್ನುವುದಿಲ್ಲ?"

ಕೇಳಿದವನು ಜವರ. ಕೇಳಿದ್ದು ಗರಡಿಯ ನಟ್ಟನಡುವೆ ನಿಂತು, ತೊಡೆ ತಟ್ಟಿ, ಎಲ್ಲರಿಗೂ ಕೇಳಿಸುವಂತೆ. ಸುತ್ತ ಏಳು ಊರಿನಲ್ಲಿ ತನ್ನಂಥ ತೋಳಿಲ್ಲ ಎಂದು ಜವರನಿಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ತಿಳಿಸುತ್ತಿದ್ದ. ಆ ಬೆಳಿಗ್ಗೆ ತನಗಿಂತ ಒಂದು ಗೇಣು ಎತ್ತರದ ಜಟ್ಟಿಯನ್ನು ಚಿತ್ ಮಾಡಿದ್ದ. ಉಸ್ತಾದರು ನೋಡಿದರು, ತಲೆಯಾಡಿಸಿದರು, ಹೋಗಿ ಎಲೆಅಡಿಕೆ ಹಾಕಿಕೊಂಡರು. ಅದೇ ಹೊಸದಾಗಿ ಸೇರಿದ ಹುಡುಗ ಪುಟ್ಟಮಾದ ಬರೀ ಒಂದು ಪಟ್ಟು ಬಿಡಿಸಿಕೊಂಡದ್ದಕ್ಕೆ ಬೆನ್ನು ತಟ್ಟಿ ಶಭಾಸ್ ಅಂದರು.

"ಇವತ್ತು ಹೇಳಿಬಿಡಿ. ಇಲ್ಲವಾದರೆ ನಾಳೆಯಿಂದ ಕೆರೆಯಾಚೆಯ ಗರಡಿಗೆ ಹೋಗುತ್ತೇನೆ. ಅಲ್ಲಿಯವರು ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಾರೆ."

"ಪಾಪ, ಆ ಹೆಗಲುಗಳಿಗೆ ಮೊದಲೇ ಎಣ್ಣೆ ತಿಕ್ಕಿಕೊಳ್ಳಲು ಹೇಳು," ಅಂದರು ಉಸ್ತಾದರು. "ಕೂತ್ಕೋ. ಒಂದು ಬಿಯರಿನ ಕತೆ ಹೇಳುತ್ತೇನೆ."

"ಗರಡಿಯಲ್ಲಿ ಬಿಯರಿನ ಮಾತೇ?"

"ಕುಡಿ ಅಂದೆನೇನೋ? ಕೇಳು ಅಂದೆ."

ಜವರ ಕೂತ. ಉಸ್ತಾದರು ಹೇಳಿದರು.

ಒಬ್ಬ ರೈತನಿದ್ದ. ಮನೆಯಲ್ಲೇ ಬಿಯರ್ ಮಾಡುತ್ತಿದ್ದ. ಮೊಳಕೆ ಬರಿಸಿದ ಬಾರ್ಲಿಯನ್ನು ಒಣಗಿಸಿ, ನುಚ್ಚು ಮಾಡಿ, ಬೇಯಿಸಿ, ಸೋಸಿ, ಪೀಪಾಯಿಗೆ ಸುರಿದು ಯೀಸ್ಟ್ ಹಾಕುವನು. ಪೀಪಾಯಿಯ ಗುಳುಗುಳು ಸದ್ದು ಪೂರ್ತಿ ನಿಂತ ಮೇಲೆ ಬಾಟಲಿಗೆ ತುಂಬುವನು. ತುಂಬುವಾಗ ಪ್ರತಿ ಬಾಟಲಿಗೂ ಒಂದು ಸಣ್ಣ ಚಮಚ ಸಕ್ಕರೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಗ್ಯಾಸು ಬಿಡುತ್ತದೆ. ಮುಚ್ಚಳ ಬಿಗಿಯಾಗಿರುವುದರಿಂದ ಗ್ಯಾಸು ಹೊರಗೆ ಹೋಗಲಾರದೆ ಬಿಯರಿನಲ್ಲೇ ಸೇರಿಕೊಳ್ಳುತ್ತದೆ. ಲೋಟಕ್ಕೆ ಬಗ್ಗಿಸಿದಾಗ ಎರಡು ಬೆರಳು ನೊರೆ ಏಳುವುದು ಅದರಿಂದಲೇ.

ಆ ನೊರೆಯ ಹೆಸರು ದೂರದೂರಕ್ಕೆ ಹೋಗಿತ್ತು. ಅದನ್ನು ಕೇಳಿಯೇ ಒಬ್ಬ ದೊಡ್ಡ ಕುಳ ಅವನ ಮಗಳನ್ನು ಸೊಸೆ ಮಾಡಿಕೊಳ್ಳಲು ಮನಸ್ಸು ಮಾಡಿದ. "ನಿಶ್ಚಿತಾರ್ಥಕ್ಕೆ ವೀಳ್ಯ ಬದಲಾಯಿಸುವ ದಿನ ನಿಮ್ಮ ಮನೆಯ ಬಿಯರ್ ಗಂಟಲಿಗೆ ಇಳಿಯದೆ ನಾನು ತಟ್ಟೆ ಮುಟ್ಟುವುದಿಲ್ಲ" ಎಂದು ಹೇಳಿಕಳಿಸಿದ.

ನಮ್ಮ ಕಡೆ ಬೀಗರೆಂದರೆ ತಮಾಷೆಯಲ್ಲ. ಊರವರ ಎಲೆಗೆ ಒಂದು ಹೋಳಿಗೆ ಬಿದ್ದರೆ ಬೀಗರ ಎಲೆಗೆ ಮೂರು ಬೀಳಬೇಕು. ಅವರ ತುಪ್ಪ ಎಲೆ ದಾಟಿ ನೆಲಕ್ಕೆ ಹರಿಯಬೇಕು. ಇಲ್ಲವಾದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ರೈತ ಸಕ್ಕರೆ ಡಬ್ಬಿ ಮುಂದಿಟ್ಟುಕೊಂಡು ಕೂತ. ಚಮಚ ಎತ್ತಿದ ಕೈ ಹಾಗೇ ನಿಂತಿತು. ಬೀಗರಿಗೂ ಒಂದೇ, ಊರವರಿಗೂ ಒಂದೇ ಅಂದರೆ ಮರ್ಯಾದೆ ಏನು ಉಳಿಯಿತು? ಬೀಗರ ಬಾಟಲಿಗಳಿಗೆ ಮೂರು ಮೂರು ಚಮಚ ಸುರಿದು, ಗುರುತಿಗೆ ಅರಿಸಿನದ ದಾರ ಕಟ್ಟಿದ.

"ಸರಿಯಾಗೇ ಮಾಡಿದ," ಅಂದ ಜವರ. "ನಾನಾಗಿದ್ದರೆ ನಾಲ್ಕು ಹಾಕುತ್ತಿದ್ದೆ."

"ಹಾಕುತ್ತಿದ್ದೆ, ಗೊತ್ತು," ಅಂದರು ಉಸ್ತಾದರು.

ಊರವರ ಬಾಟಲಿಗಳಿಗೆ ಎಂದಿನಂತೆ ಒಂದೊಂದು ಚಮಚ ಬಿತ್ತು. ರೈತನಿಗೆ ಒಬ್ಬ ಬಾಮೈದನಿದ್ದ, ಬಂದಾಗಲೆಲ್ಲ ಹುಳುಕು ಹುಡುಕುವ ಆಸಾಮಿ. ಅವನ ಬಾಟಲಿಗೆ ಒಂದು ಕಾಳು ಸಕ್ಕರೆಯೂ ಬೀಳಲಿಲ್ಲ.

ಹೆಂಡತಿ ನೋಡಿ, "ಇದೇನು ಪಾಯಸ ಅಂದುಕೊಂಡ್ರಾ, ಸುರಿದಷ್ಟೂ ರುಚಿ ಅನ್ನೋಕೆ?" ಅಂದಳು.

"ನಿನ್ನ ತಮ್ಮನಿಗೆ ಹಾಕಲಿಲ್ಲ ಅಂತ ನಿನಗೆ ಉರಿ. ಹೋಗು," ಅಂದ ರೈತ.

ಆ ದಿನ ಬಂತು. ಬೀಗರೂ ಬಂದರು. ಬಿಳಿ ರುಮಾಲು, ಹುರಿ ಮಾಡಿದ ಮೀಸೆ, ಹೊಸ ಜರಿ ಶಲ್ಯ. ಚಾಪೆಯ ನಡುವೆ ವೀಳ್ಯದ ತಟ್ಟೆ. ಊರವರಿಗೆಲ್ಲ ಲೋಟ ಹಂಚಿದ ಮೇಲೆ ರೈತ ಅರಿಸಿನದ ದಾರದ ಬಾಟಲಿಯನ್ನು ದೇವರ ಕಳಶದಂತೆ ಹಿಡಿದು ತಂದು, ಬೀಗರ ಎದುರೇ ಮುಚ್ಚಳ ಎಬ್ಬಿಸಿದ.

ಢಮ್! ಮುಚ್ಚಳ ಹೋಗಿ ಮಾಡಿನ ಹೆಂಚಿಗೆ ಬಡಿಯಿತು. ನೊರೆ ಅದರ ಬೆನ್ನಟ್ಟಿ ಹೋಯಿತು. ಹೋದದ್ದು ಬೀಗರ ರುಮಾಲಿನ ಮೇಲೆ ಬಂದು ಇಳಿಯಿತು. ಗಾಬರಿಯಲ್ಲಿ ಎರಡನೆಯದನ್ನು ತೆರೆದ. ಅದು ಶಲ್ಯಕ್ಕೆ. ಮೂರನೆಯದು ಬೀಗಿತ್ತಿಯ ಮಡಿಲಿಗೆ. ಬೀಗರ ಲೋಟಕ್ಕೆ ಮಾತ್ರ ಒಂದು ಹನಿಯೂ ಬೀಳಲಿಲ್ಲ.

ಮೂಲೆಯಲ್ಲಿ ಬಾಮೈದ ತನ್ನ ಲೋಟವನ್ನು ಬೆಳಕಿಗೆ ಹಿಡಿದ. ನೊರೆಯಿಲ್ಲ, ಒಂದು ಗುಳ್ಳೆಯಿಲ್ಲ. "ಭಾವ, ಇದು ಬಿಯರೋ, ಜ್ವರದವರಿಗೆ ಕಾಸಿದ ಬಾರ್ಲಿ ನೀರೋ?" ಅಂದ.

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ತಟ್ಟೆಯ ಮೇಲಿತ್ತು. ಮರ್ಯಾದೆ ಮಾಡಲು ಹೋಗಿ ಮಗಳ ಮದುವೆಗೇ ಕಲ್ಲು ಹಾಕಿದೆನಲ್ಲ ಅಂದುಕೊಂಡ ರೈತ.

ಬೀಗರು ಮೀಸೆಗೆ ಅಂಟಿದ ನೊರೆಯನ್ನು ನಾಲಿಗೆ ಚಾಚಿ ನೆಕ್ಕಿದರು. ಪಕ್ಕಕ್ಕೆ ತಿರುಗಿದರು. ಅಲ್ಲಿ ಊರಿನ ಕಮ್ಮಾರ ಕೂತಿದ್ದ. ಅವನ ಲೋಟದ ಮೇಲೆ ಎರಡು ಬೆರಳು ನೊರೆ ಅಚ್ಚುಕಟ್ಟಾಗಿ ನಿಂತಿತ್ತು. ಬೀಗರು ಅದನ್ನು ಕಸಿದುಕೊಂಡು ಗಟಗಟ ಕುಡಿದು, ಲೋಟ ಕುಕ್ಕಿ ಹೇಳಿದರು:

"ಬೀಗರೇ, ನಿಮ್ಮ ಮಗಳು ನಮ್ಮ ಮನೆಗೆ ಬರಲಿ. ಆದರೆ ಇನ್ನು ಮೇಲೆ ನಮ್ಮನ್ನು ಊರವರ ಸಾಲಿನಲ್ಲೇ ಕೂರಿಸಿ. ನಿಮ್ಮ ಮರ್ಯಾದೆ ತಡೆಯುವಷ್ಟು ಬಟ್ಟೆ ನಮ್ಮಲ್ಲಿಲ್ಲ!"

ಬೀಗಿತ್ತಿ ಸೆರಗು ಹಿಂಡುತ್ತಲೇ ನಕ್ಕುಬಿಟ್ಟಳು. ಆಮೇಲೆ ನಗು ಹಿಡಿದು ನಿಲ್ಲಿಸುವವರೇ ಇರಲಿಲ್ಲ. ತಟ್ಟೆ ಕೈ ಬದಲಾಯಿತು. ಬಾಮೈದನಿಗೂ ಊರವರ ಬಾಟಲಿಯಿಂದ ಒಂದು ಲೋಟ ಸಿಕ್ಕಿತು.

ಉಸ್ತಾದರು ಕತೆ ಮುಗಿಸಿದಾಗ ಗರಡಿಯೆಲ್ಲ ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು ಜವರ. ಕುಸ್ತಿ ಮಟ್ಟಿಯ ಕೆಮ್ಮಣ್ಣಿನಲ್ಲಿ ಹೊರಳಾಡಿ ನಕ್ಕ. ನಗುತ್ತಿದ್ದವನಿಗೆ ತಟ್ಟನೆ ಏನೋ ಹೊಳೆಯಿತು. ಎದ್ದು ಕೂತು ಎದೆಯುಬ್ಬಿಸಿದ.

"ಸಿಕ್ಕಿಬಿದ್ದಿರಿ ಉಸ್ತಾದರೇ! ನಿಮ್ಮ ಕತೆ ನನ್ನ ಪರವಾಗೇ ಸಾಕ್ಷಿ ಹೇಳಿತು. ಎಲ್ಲ ಬಾಟಲಿಗೂ ಒಂದೊಂದು ಚಮಚ ಅನ್ನುವುದು ನ್ಯಾಯ ತಾನೇ? ಪುಟ್ಟಮಾದನಿಗೆ ಹಾಕಿದಿರಿ. ನನ್ನ ಚಮಚ ಎಲ್ಲಿ?"

ಪುಟ್ಟಮಾದ ಉಸ್ತಾದರ ಮುಖ ನೋಡಿದ. ಎಲ್ಲರೂ ನೋಡಿದರು.

"ದಿನಾ ಮನೆ ಬಿಡುವಾಗಲೇ ನಿನಗೆ ನೀನು ಮೂರು ಚಮಚ ಹಾಕಿಕೊಂಡು ಬರುತ್ತೀಯಲ್ಲೋ ಜವರ, ಅದರ ಮೇಲೆ ನಾನೂ ಒಂದು ಹಾಕಿದರೆ ಈ ಗರಡಿಯ ಮಾಡು ಉಳಿಯುತ್ತದೆಯೇ?"