ಕಿಟಕಿಗೆ ಇಳಿದ ಬಳ್ಳಿಗುಲಾಬಿ

"ಗುರುಗಳೇ, ನನ್ನನ್ನು ಧ್ಯಾನದಿಂದ ಎಬ್ಬಿಸಿ ರೋಗಿಗಳ ಚಾಕರಿಗೆ ಹಾಕಿದ್ದು ಯಾವ ತಪ್ಪಿಗೆ?" ಎಂದು ಮರುಳಯ್ಯ ಕೇಳಿದ. ಮಠ ಬಿಟ್ಟು ಹೋಗಲು ಅವನು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಜೊತೆಯವರು ಧ್ಯಾನದಲ್ಲಿ ಮೇಲೇರುತ್ತಿರುವಾಗ ತಾನೊಬ್ಬನೇ ಗಂಜಿ ಕಾಯಿಸುತ್ತ ಕೆಳಗೆ ಉಳಿದೆನೆಂಬ ನೋವು ಅವನದು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ತಾಯಿ ಹಾಸಿಗೆ ಹಿಡಿದಿದ್ದಳು. ಮಲಗಿದಲ್ಲಿಂದ ಅವಳಿಗೆ ಕಾಣುತ್ತಿದ್ದುದು ಒಂದು ಕಿಟಕಿ ಮಾತ್ರ. ಸಾಯುವ ಮೊದಲು ಆ ಕಿಟಕಿಯಲ್ಲಿ ಹೂ ನೋಡಬೇಕೆಂಬ ಆಸೆ ಅವಳಿಗೆ. ಮಗ ಗೋಡೆಯ ಬುಡದಲ್ಲಿ ಬಳ್ಳಿಗುಲಾಬಿ ನೆಟ್ಟ. ಅದು ಗಿಡಗುಲಾಬಿಯಂತಲ್ಲ. ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುತ್ತದೆ. ಅದೂ ಹಿಂದಿನ ವರ್ಷ ಬೆಳೆದ ಕೊಂಬೆಯ ಮೇಲೆ, ಗೊಂಚಲು ಗೊಂಚಲಾಗಿ. ಆದ್ದರಿಂದ ನೆಟ್ಟವರು ಕಾಯಬೇಕು.

ವರ್ತಕ ಕಾದ. ಎತ್ತರಕ್ಕೆ ಹೋದಷ್ಟೂ ಹೂ ಹೆಚ್ಚು ಎಂದು ಅವನ ಎಣಿಕೆ. ಬಳ್ಳಿಯನ್ನು ಕೋಲಿಗೆ ನೆಟ್ಟಗೆ ಕಟ್ಟಿದ. ಅದು ಕಿಟಕಿಯನ್ನು ದಾಟಿ ಮಾಳಿಗೆಗೆ ಹೋಯಿತು. ಹೂಗಳೆಲ್ಲ ತುದಿಯಲ್ಲೇ ಅರಳಿದವು. ದಾರಿಹೋಕರು ತಲೆಯೆತ್ತಿ ಹೊಗಳಿದರು. ತಾಯಿಗೆ ಸಿಕ್ಕಿದ್ದು ಗಾಳಿಯಲ್ಲಿ ತೇಲುತ್ತ ಇಳಿಯುವ ಎಸಳುಗಳು. ಅವು ಕನಸಿನಲ್ಲಿ ಬಿದ್ದವೋ ಎಚ್ಚರದಲ್ಲಿ ಬಿದ್ದವೋ ಅವಳಿಗೇ ತಿಳಿಯುತ್ತಿರಲಿಲ್ಲ.

ಹೂವಿನ ಕಾಲ ಮುಗಿದ ಮೇಲೆ ಒಂದು ಬಿರುಗಾಳಿಗೆ ಕೋಲು ಮುರಿಯಿತು. ಬಳ್ಳಿ ಮುರಿಯಲಿಲ್ಲ, ಅದರ ಕೊಂಬೆ ಬಳುಕುವಂಥದು. ಜಾರಿ ಬಂದು ಕಿಟಕಿಯ ಸರಳುಗಳ ಮೇಲೆ ಅಡ್ಡ ಮಲಗಿತು. ಊರೆಲ್ಲ ಹೊಗಳಿದ ಬಳ್ಳಿ ಬಿತ್ತೆಂದು ವರ್ತಕನಿಗೆ ನಾಚಿಕೆಯಾಯಿತು. ಕಡಿದು ಹಾಕಲು ಕುಡುಗೋಲು ತಂದ.

"ಇಷ್ಟು ದಿನ ಊರಿಗೆಲ್ಲ ಮುಖ ತೋರಿಸಿ, ಈಗ ನನ್ನನ್ನು ಮಾತಾಡಿಸಲು ಬಂದಿದೆ. ಮನೆಗೆ ಬಂದವರ ಮುಂದೆ ಕುಡುಗೋಲು ಹಿಡಿಯುತ್ತೀಯೇನೋ?" ಎಂದಳು ತಾಯಿ.

"ಬಿದ್ದ ಬಳ್ಳಿ ಅವ್ವಾ ಇದು. ಇನ್ನೇನು ಹೂ ಬಿಟ್ಟೀತು?"

"ಬಿಡದಿದ್ದರೆ ಬೇಡ. ಇಬ್ಬರೂ ಜೊತೆಗೆ ಮಲಗಿರುತ್ತೇವೆ."

ವರ್ತಕ ಕುಡುಗೋಲು ಕೆಳಗಿಟ್ಟ.

ಮರುವರ್ಷ ಹೂವಿನ ಕಾಲ ಬಂತು. ನೆಟ್ಟಗಿದ್ದಾಗ ಬಳ್ಳಿಯ ಸಾರವೆಲ್ಲ ತುದಿಗೆ ಓಡುತ್ತಿತ್ತು. ಅಡ್ಡ ಮಲಗಿದ್ದರಿಂದ ಅದು ಗೆಣ್ಣು ಗೆಣ್ಣಿನಲ್ಲೂ ತಂಗಿತು. ತಂಗಿದಲ್ಲೆಲ್ಲ ಗೊಂಚಲು ಬಿಟ್ಟಿತು. ಕಿಟಕಿ ತುಂಬಿತು. ಕೋಣೆಯೊಳಗಿನ ಬೆಳಕೇ ತಿಳಿಗೆಂಪಾಯಿತು. ತಾಯಿ ಮಲಗಿದಲ್ಲಿಂದಲೇ ಕೈ ಚಾಚಿ ಹೂ ಮುಟ್ಟಿದಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮನಸ್ಸು ಇನ್ನೂ ಮಾಳಿಗೆಯ ಮೇಲೇ ಇತ್ತು.

"ಆ ಬಳ್ಳಿ ಮತ್ತೆ ಮೇಲಕ್ಕೆ ಏರಲಿಲ್ಲವೇ, ಗುರುಗಳೇ?"

"ಹೂ ಮುಟ್ಟಿದವಳು ಅದನ್ನು ಕೇಳಲಿಲ್ಲ, ಮಗು."

ಮರುಳಯ್ಯ ಬಟ್ಟೆಯ ಗಂಟು ಬಿಚ್ಚಿಟ್ಟು, ರೋಗಿಗಳಿಗೆ ಗಂಜಿ ಕಾಯಿಸಲು ಹೋದ.