ಕಾಜಾಣದ ಹಾಡಿನಲ್ಲೊಂದು 'ಕಾ'

ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಪ್ರತಿ ಭಾನುವಾರ ಜಾಝ್ ತಂಡವೊಂದು ನುಡಿಸುತ್ತಿತ್ತು. ಪಕ್ಕದ ಮರದ ಕಾಜಾಣ ಅದನ್ನು ಕೇಳಿ ಕೇಳಿ, ಸ್ಯಾಕ್ಸೋಫೋನಿನ ಹಾಗೆ ಸ್ವರವನ್ನು ಬೇಕೆಂದೇ ತಡಮಾಡಿ ಮುಟ್ಟುವುದನ್ನು ಕಲಿತಿತ್ತು. ಒಂಟಿಕಾಲಲ್ಲಿ ನಿಂತು ಹಾಡುತ್ತಿತ್ತು. ಆ ಹಾಡಿನಲ್ಲಿ ಗಿಳಿಯ ಕಿರುಚಾಟವಿತ್ತು, ಅಳಿಲಿನ ಚಿಕ್‌ಚಿಕ್ ಇತ್ತು, ಕೊನೆಗೊಂದು 'ಕಾ' ಕೂಡ ಇತ್ತು.

ಕೋಗಿಲೆಗೆ ಇದನ್ನು ಸಹಿಸಲಾಗಲಿಲ್ಲ. ಹಕ್ಕಿಗಳನ್ನೆಲ್ಲ ಸೇರಿಸಿ ಹೇಳಿತು: "ಇವನು ಕಳ್ಳ. ಒಂದು ಸ್ವರವೂ ಇವನ ಸ್ವಂತದ್ದಲ್ಲ. ನನ್ನನ್ನು ನೋಡಿ, ಕಾಗೆಯ ಗೂಡಲ್ಲೇ ಬೆಳೆದರೂ ಒಂದು 'ಕಾ' ನನ್ನ ಗಂಟಲಿಗೆ ತಾಗಿಲ್ಲ. ಇವನನ್ನು ಮರದಿಂದ ಓಡಿಸಿ."

"ಕಿವಿಗೆ ಬಿದ್ದದ್ದು ಗಂಟಲಲ್ಲಿ ಉಳಿದುಬಿಡುತ್ತದೆ ಸ್ವಾಮಿ, ಏನು ಮಾಡಲಿ?" ಎಂದಿತು ಕಾಜಾಣ. "ಯಾವುದು ಯಾರದೆಂದು ಕೇಳಿ, ಹೇಳುತ್ತೇನೆ. ಆ 'ಕಾ' ನಮ್ಮ ಕಾಗಮ್ಮನದು. ಮರಿಗಳಿಗೆ ಗುಟುಕು ತಂದಾಗ ಮಾತ್ರ ಅವಳು ಅಷ್ಟು ಮೆತ್ತಗೆ ಕೂಗುತ್ತಾಳೆ."

ಎಲ್ಲ ಹಕ್ಕಿಗಳೂ ತುದಿಕೊಂಬೆಯ ಮುದಿ ಕಾಗೆಯತ್ತ ತಿರುಗಿದವು.

"ಎಷ್ಟೋ ಮರಿಗಳನ್ನು ಸಾಕಿದೆ," ಎಂದಿತು ಕಾಗೆ. "ಕೆಲವರು ದೊಡ್ಡ ಹಾಡುಗಾರರೂ ಆದರು. ನನ್ನ ದನಿಯೂ ಹಾಡಿಗೆ ಒದಗುತ್ತದೆಂದು ಗೊತ್ತೇ ಇರಲಿಲ್ಲ. ಇನ್ನೊಮ್ಮೆ ಹಾಡಪ್ಪ."

ಕಾಜಾಣ ಹಾಡಿತು. ಓಡಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಕೋಗಿಲೆ ಎಂದಿನಂತೆ ಎಲೆಮರೆಯಲ್ಲಿ ಕೂತು ಹಾಡತೊಡಗಿತು. ಮೂರನೇ ಕುಹೂವಿನ ಕೊನೆಗೆ, ತೀರಾ ಮೆತ್ತಗೆ, ಒಂದು 'ಕಾ' ಬಂತು.

ತುದಿಕೊಂಬೆಯಲ್ಲಿ ತೂಕಡಿಸುತ್ತಿದ್ದ ಕಾಗೆ ಥಟ್ಟನೆ ತಲೆಯೆತ್ತಿತು.

"ಬಂದೆಯಾ ಮಗನೇ?" ಎಂದಿತು.