ಹಿಂದೆ ನಿಂತವನ ಸೊಲ್ಲು

ಶಿಷ್ಯ ಕೇಳಿದ: “ಗುರುಗಳೇ, ಯಾರ ಹಂಗೂ ಇಲ್ಲದೆ ಬದುಕುವ ದಾರಿ ಯಾವುದು?”

ಗುರುಗಳು ನಕ್ಕರು. “ಹೊಟ್ಟೆ ತುಂಬಾ ಉಂಡು ಬಂದವರೇ ಈ ಪ್ರಶ್ನೆ ಕೇಳುವುದು,” ಎಂದು ಕತೆ ಶುರುಮಾಡಿದರು.

ಒಬ್ಬ ಹಾಡುಗಾರನಿದ್ದ. ಜನರ ದುಃಖವನ್ನೇ ಲಾವಣಿ ಕಟ್ಟಿ ಹಾಡುತ್ತಿದ್ದ. ದಪ್ಪು ಬಡಿಯುತ್ತ ಅವನು ಒಂದು ಸಾಲು ಹೇಳಿದರೆ, ಹಿಂದೆ ನಿಂತ ಮುದುಕನೊಬ್ಬ ತುಂತುಣಿ ಮೀಟುತ್ತ ಆ ಸಾಲಿನ ಕೊನೆಯ ಸೊಲ್ಲನ್ನು ತಿರುಗಿ ಹಾಡುತ್ತಿದ್ದ. ಒಮ್ಮೊಮ್ಮೆ ಬೇಗ ಬಿಡುತ್ತಿದ್ದ, ಒಮ್ಮೊಮ್ಮೆ ಎಳೆದೇ ಎಳೆಯುತ್ತಿದ್ದ. ಹಾಡುಗಾರನಿಗೆ ಅದೊಂದು ಕಿರಿಕಿರಿ.

ಹಾಡುಗಾರನ ಹೆಸರು ಹಬ್ಬಿತು. ಪಟ್ಟಣದವರು ಕರೆಸಿ ಅವನ ಹಾಡುಗಳನ್ನು ರೆಕಾರ್ಡು ಮಾಡಿಕೊಂಡರು. ಅಲ್ಲಿ ಹೊತ್ತು ಕಡಿಮೆ ಎಂದು ಮುದುಕನ ಸೊಲ್ಲನ್ನು ಬಿಡಿಸಿದರು. ಹಾಡು ಚೆನ್ನಾಗಿಯೇ ಬಂತು. ಊರಿಗೆ ಮರಳಿದ ಹಾಡುಗಾರ ಮುದುಕನಿಗೆ ಹೇಳಿದ: “ನಾ ಅಂದದ್ದನ್ನ ನೀ ತಿರುಗಿ ಅಂತಿ. ಅಷ್ಟಕ್ಕ ಒಬ್ಬ ಮನಷ್ಯಾ ಯಾಕ ಬೇಕು?” ಮುದುಕನಿಗೆ ನೋವಾಯಿತು. ಆದರೂ ಜಗಳವಾಡದೆ ಮನೆಗೆ ಹೋದ.

ಕೆಲವು ವರ್ಷ ಹಾಡುಗಾರ ಒಬ್ಬನೇ ಮೆರೆದ. ಕಟ್ಟಿಟ್ಟ ಹಾಡುಗಳಿಗೆ ಯಾರ ನೆರವೂ ಬೇಕಾಗಲಿಲ್ಲ. ಆಮೇಲೆ ಒಂದೂರಿನಲ್ಲಿ ಸವಾಲು-ಜವಾಬಿನ ಪಂದ್ಯ ನಡೆಯಿತು. ಎದುರಿನ ಮೇಳ ಹಾಡಿನಲ್ಲಿ ಪ್ರಶ್ನೆ ಹಾಕಿದರೆ, ನಿಂತ ನಿಲುವಿನಲ್ಲೇ ಹಾಡು ಕಟ್ಟಿ ಉತ್ತರ ಕೊಡಬೇಕು. ಸೋತವನು ತನ್ನ ದಪ್ಪನ್ನು ಗೆದ್ದವರಿಗೆ ಒಪ್ಪಿಸಬೇಕು, ಮುಂದೆಂದೂ ಹಾಡುವಂತಿಲ್ಲ. ಅದು ಅಲ್ಲಿಯ ಕಟ್ಟಳೆ.

ಪ್ರಶ್ನೆ ಬಂತು. ಹಾಡುಗಾರ ಒಂದು ಸಾಲು ಹೇಳಿದ. ಮುಂದಿನದು ಹೊಳೆಯಲಿಲ್ಲ. ಹಿಂದೆಲ್ಲ ತನಗೆ ಸಾಲು ಹೊಳೆಯುವ ತನಕ ಮುದುಕ ಸೊಲ್ಲು ಎಳೆಯುತ್ತಿದ್ದ ಎಂಬುದು ಅವನಿಗೆ ಆಗ ತಿಳಿಯಿತು. ಎದುರಿನವರು ಅವನ ದಪ್ಪಿಗೆ ಕೈ ಚಾಚಿದರು.

ಅಷ್ಟರಲ್ಲಿ ಜನರ ನಡುವಿನಿಂದ ತುಂತುಣಿ ಕೇಳಿಸಿತು. ಪಂದ್ಯ ನೋಡಲು ಬಂದಿದ್ದ ಮುದುಕ ಕೂತಲ್ಲಿಂದಲೇ ಆ ಸೊಲ್ಲನ್ನು ಎತ್ತಿಕೊಂಡಿದ್ದ. ಹಾಡಿದ, ಮತ್ತೆ ಹಾಡಿದ, ಇನ್ನೂ ಎಳೆದ. ಹಾಡುಗಾರ ಉಸಿರು ತೆಗೆದುಕೊಂಡ. ಸಾಲು ಹೊಳೆಯಿತು, ದಪ್ಪು ಅವನ ಕೈಯಲ್ಲೇ ಉಳಿಯಿತು.

ಪಂದ್ಯ ಮುಗಿದ ಮೇಲೆ ಅವನು ಮುದುಕನ ಕೈ ಹಿಡಿದು ಅತ್ತ. “ಈ ಹಂಗು ನಾ ಹ್ಯಾಂಗ ತೀರಸ್ಲಿ?”

“ನಾ ಏನ ಕೊಟ್ಟೀನೋ ತಮ್ಮಾ? ನೀ ಅಂದದ್ದನ್ನ ತಿರುಗಿ ಅಂದೆ,” ಎಂದ ಮುದುಕ.

ಗುರುಗಳು ಕತೆಯನ್ನು ಅಲ್ಲಿಗೇ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಕೊನೆಗೆ ಆ ಹಂಗನ್ನು ಹೇಗೆ ತೀರಿಸಿದ?”

“ತೀರಿಸಲು ಹೋಗಲಿಲ್ಲ, ಮರುದಿನವೂ ಅವನ ಹಂಗಿನಲ್ಲೇ ಹಾಡಿದ.”